ಅಕ್ಷರ ಮರೆತವರು ಯಾರು?

ಕೆಲವು ತಿಂಗಳ ಹಿಂದೆ ಮಂಗಳೂರಿನ ಹೊರವಲಯದ ಒಂದು ಬ್ಯಾಂಕಿನಲ್ಲಿ ಕಂಡ ದೃಶ್ಯವಿದು. ಓರ್ವ ಅಜ್ಜಿ ಗೃಹಲಕ್ಷ್ಮಿ ಹಣ ತೆಗೆಯಲು ಮಗಳೊಂದಿಗೆ ಬಂದಿದ್ದರು. ಚೀಟಿಯನ್ನು ಮಗಳು ತುಂಬಿಸಿದ್ದಳು. ಸಹಿ ಹಾಕುವುದಷ್ಟೇ ಬಾಕಿ. ಅಜ್ಜಿ ಪೆನ್ನು ಹಿಡಿದು ಹೆಸರಿನ ಮೊದಲ ಅಕ್ಷರ ಬರೆದರು. ಎರಡನೆಯ ಅಕ್ಷರಕ್ಕೆ ಬಂದಾಗ ಕೈ ನಿಂತಿತು. ಹಿಂದೆ ಸಾಲು ಬೆಳೆಯುತ್ತಿತ್ತು. "ಉಮ್ಮ, ಹೆಬ್ಬೆಟ್ಟು ಒತ್ತಿ ಸಾಕು, ಜನ ಕಾಯ್ತಿದ್ದಾರೆ" ಎಂದಳು ಮಗಳು. ಶಾಯಿ ಡಬ್ಬಿ ಮುಂದೆ ಬಂತು. ಬೆರಳನ್ನು ಒರೆಸಿಕೊಳ್ಳುತ್ತಾ ಅಜ್ಜಿ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತರು. "ನಾನು ಕಲಿತಿದ್ದೆ. ರಾತ್ರಿ ಕ್ಲಾಸಿಗೆ ಹೋಗಿ ಕಲಿತಿದ್ದೆ. ಪ್ರಾಯ ಆಯಿತಲ್ಲ, ಮರೆತುಹೋಯಿತು" ಎಂದರು.

'ಪ್ರಾಯ ಆಯಿತು' ಎಂಬ ಈ ಉತ್ತರವನ್ನು ನಾವೆಲ್ಲ ಯೋಚಿಸದೆ ಒಪ್ಪಿಕೊಳ್ಳುತ್ತೇವೆ. ಆದರೆ ಮಾತು ಮುಂದುವರಿದಾಗ ತಿಳಿದುಬಂದ ವಿಷಯವೇ ಬೇರೆ. ಅದೇ ಅಜ್ಜಿ ಇಂದಿಗೂ ಪ್ರತಿ ಶುಕ್ರವಾರ ಮುಸ್‌ಹಫ್ ನೋಡಿ ಸೂರಃ ಅಲ್ ಕಹ್ಫ್ ಓದುತ್ತಾರೆ. ಬೀಡಿಯ ಪಾಸ್‌ಬುಕ್ಕಿನಲ್ಲಿ ಬರೆದ ಲೆಕ್ಕವನ್ನು ತಾವೇ ನೋಡಿ ತಪ್ಪು ಹಿಡಿಯುತ್ತಾರೆ. ಏಳು ವರ್ಷದ ಹುಡುಗಿಯಾಗಿ ಕಲಿತ ಅರಬಿ ಅಕ್ಷರ ಉಳಿದಿದೆ, ಅಂಕಿಗಳು ಉಳಿದಿವೆ, ಮೂವತ್ತರ ಪ್ರಾಯದಲ್ಲಿ ಕಲಿತ ಕನ್ನಡ ಅಕ್ಷರ ಮಾತ್ರ ಹೋಗಿದೆ. ಮರೆಸುವುದು ಪ್ರಾಯವೇ ಆಗಿದ್ದರೆ ಅದು ಹೀಗೆ ಆರಿಸಿ ಆರಿಸಿ ಮರೆಸುವುದೇಕೆ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಆ ರಾತ್ರಿ ಕ್ಲಾಸಿನ ಕಾಲಕ್ಕೆ ಹೋಗಬೇಕು. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. 15ರಿಂದ 35 ವರ್ಷದೊಳಗಿನ 8 ಕೋಟಿ ಜನರನ್ನು 1995ರೊಳಗೆ ಸಾಕ್ಷರರನ್ನಾಗಿಸುವುದು ಅದರ ಗುರಿಯಾಗಿತ್ತು. 1990ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಜಿಲ್ಲೆಗಳಲ್ಲಿ ಆಂದೋಲನ ಊರೂರಿಗೆ ತಲುಪಿತು. ನೆರೆಯ ಕೇರಳದಲ್ಲಿ 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ರಾಜ್ಯವು ಸಂಪೂರ್ಣ ಸಾಕ್ಷರವೆಂದು ಘೋಷಿಸಿದವರು ಮಂತ್ರಿಯಲ್ಲ, ಮಲಪ್ಪುರಂ ಜಿಲ್ಲೆಯ ನವಸಾಕ್ಷರೆ ಚೇಲಕ್ಕೋಡನ್ ಆಯಿಶಾ. ಇಳಿವಯಸ್ಸಿನ ಓರ್ವ ಮುಸ್ಲಿಮ್ ಮಹಿಳೆಗೆ ಸಿಕ್ಕ ಆ ವೇದಿಕೆಯನ್ನು ನೆನೆದರೆ ಇಂದಿಗೂ ಮನಸ್ಸು ತುಂಬುತ್ತದೆ. ಆದ್ದರಿಂದ ಆಂದೋಲನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಲಾಟೀನು ಹಿಡಿದು ಸಂಬಳವಿಲ್ಲದೆ ಕಲಿಸಿದ ಸ್ವಯಂಸೇವಕರ ಋಣ ದೊಡ್ಡದು. ನಮ್ಮ ಆಕ್ಷೇಪವಿರುವುದು ಅದರ ಅಳತೆಗೋಲಿನ ಬಗ್ಗೆ.

ಮೂರು ಭಾಗಗಳ ಪಠ್ಯ, ಸುಮಾರು 200 ಗಂಟೆಗಳ ಕಲಿಕೆ. ಕೊನೆಗೆ ಸರಳ ಪಠ್ಯವನ್ನು ನಿಮಿಷಕ್ಕೆ 30 ಪದಗಳಂತೆ ಗಟ್ಟಿಯಾಗಿ ಓದಬೇಕು, ಹೇಳಿದ್ದನ್ನು ನಿಮಿಷಕ್ಕೆ 5 ಪದಗಳಂತೆ ಬರೆಯಬೇಕು, 100ರವರೆಗಿನ ಅಂಕಿ ಗೊತ್ತಿರಬೇಕು. ಇಷ್ಟಾದರೆ ಸಾಕ್ಷರ. ನಿಮಿಷಕ್ಕೆ 30 ಪದವೆಂದರೆ ಒಂದು ಪದಕ್ಕೆ ಎರಡು ಸೆಕೆಂಡು. ಹತ್ತು ಪದಗಳ ವಾಕ್ಯ ಮುಗಿಯಲು 20 ಸೆಕೆಂಡು. ಕೊನೆಯ ಪದ ತಲುಪುವಾಗ ಮೊದಲ ಪದ ಮನಸ್ಸಿನಿಂದ ಜಾರಿರುತ್ತದೆ. ಹೀಗೆ ಓದುವವರಿಗೆ ಓದು ಸುಖವಲ್ಲ, ಕಲ್ಲು ಹೊರುವ ಕೆಲಸ. ಹಗಲೆಲ್ಲ ಬೀಡಿ ಕಟ್ಟಿ, ಮನೆಗೆಲಸ ಮುಗಿಸಿದ ಹೆಣ್ಣು ಆ ಕಲ್ಲನ್ನು ಎಷ್ಟು ದಿನ ಹೊತ್ತಾಳು?

ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬಾಹ್ರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನಮ್ಮ ಕಣ್ಣು ತೆರೆಸುತ್ತದೆ. ಶಾಲೆ, ಕಾಲೇಜಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿತಿದ್ದ 733 ಮಂದಿಯನ್ನು ಅವರು ಪರೀಕ್ಷಿಸಿದರು. ಕೆಲವರು ಆ ಭಾಷೆ ಬಿಟ್ಟು 50 ವರ್ಷವಾಗಿತ್ತು. ಮರೆವು ಹೆಚ್ಚಾಗಿ ಕಲಿಕೆ ನಿಂತ ಮೊದಲ ಮೂರರಿಂದ ಆರು ವರ್ಷಗಳಲ್ಲೇ ಆಗಿಹೋಗಿತ್ತು. ಅದನ್ನು ದಾಟಿ ಉಳಿದದ್ದು ಮುಂದೆ ದಶಕಗಳ ಕಾಲ ಹೆಚ್ಚು ಕರಗದೆ ಉಳಿದಿತ್ತು. ಮೊದಲು ಚೆನ್ನಾಗಿ ಕಲಿತವರಲ್ಲಿ ಹೆಚ್ಚು ಉಳಿದಿತ್ತು. ಹಾಗಾದರೆ ನಮ್ಮ ಅಜ್ಜಿ ಅಕ್ಷರ ಕಳೆದುಕೊಂಡದ್ದು ಮುಪ್ಪಿನಲ್ಲಿ ಆಗಿರಲಾರದು. ಬಹುಶಃ ಮೂವತ್ತೈದು ದಾಟುವ ಮೊದಲೇ ಕಳೆದುಕೊಂಡಿದ್ದರು. ಅದು ಗೊತ್ತಾದದ್ದು ಮಾತ್ರ ಈಗ.

ಆ ವರ್ಷಗಳಲ್ಲಿ ಆಕೆಯ ಬದುಕಿನಲ್ಲಿ ಕನ್ನಡ ಅಕ್ಷರಕ್ಕೆ ಏನು ಕೆಲಸವಿತ್ತು? ಕರಾವಳಿಯ ಎಷ್ಟೋ ಹೆಣ್ಣುಮಕ್ಕಳು ರಾತ್ರಿ ಕ್ಲಾಸಿಗೆ ಹೋದದ್ದರ ಹಿಂದೆ ಒಂದು ಸಣ್ಣ ಆಸೆಯಿತ್ತು. ಗಲ್ಫ್‌ನಲ್ಲಿರುವ ಗಂಡನ ಪತ್ರವನ್ನು ನೆರೆಮನೆಯ ಹುಡುಗನಿಂದ ಓದಿಸಬಾರದು, ತಾನೇ ಓದಬೇಕು. ಅಷ್ಟರಲ್ಲಿ ಊರಿಗೆ ಎಸ್‌ಟಿಡಿ ಬೂತ್ ಬಂತು, ಆಮೇಲೆ ಮೊಬೈಲ್ ಬಂತು. ಗಂಡನ ದನಿಯೇ ಕಿವಿಗೆ ಬೀಳುವಾಗ ಪತ್ರ ಯಾರಿಗೆ ಬೇಕು? ಅಂಚೆಯವ ಬರುವುದು ನಿಂತಿತು, ಅಕ್ಷರಕ್ಕಿದ್ದ ಒಂದೇ ಕೆಲಸವೂ ಹೋಯಿತು. ಬೀಡಿಯ ಲೆಕ್ಕಕ್ಕೆ ಮಾತ್ರ ವಾರ ವಾರವೂ ಅಂಕಿ ಬೇಕಿತ್ತು. ಅದು ಉಳಿಯಿತು.

ಇನ್ನೊಂದು ಮರೆವಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ರಾತ್ರಿ ಕ್ಲಾಸಿಗೆ ಬಂದಾಗ ಈ ಮಹಿಳೆಯರು 'ನಿರಕ್ಷರಿ'ಗಳೆಂದು ದಾಖಲಾದರು. ಆದರೆ ಅವರಲ್ಲಿ ಅನೇಕರಿಗೆ ಒಂದು ಲಿಪಿ ಮೊದಲೇ ಗೊತ್ತಿತ್ತು. ಮದ್ರಸದಲ್ಲಿ ಕಲಿತ ಅರಬಿ-ಮಲಯಾಳಂ ಲಿಪಿಯಲ್ಲಿ ಅವರು ಮಾಲೆಗಳನ್ನು ಓದುತ್ತಿದ್ದರು. 1607ರಲ್ಲಿ ರಚನೆಯಾದ ಮುಹ್ಯಿದ್ದೀನ್ ಮಾಲೆ, ಹೆರಿಗೆಯ ದಿನಗಳಲ್ಲಿ ಓದುವ ನಫೀಸತ್ ಮಾಲೆ ಅವರ ಬಾಯಲ್ಲಿದ್ದವು. ಅರ್ಥ ತಿಳಿಯದ ಓದು ಸಾಕ್ಷರತೆಯಲ್ಲ ಎಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಮಾಲೆಯ ಭಾಷೆ ಅವರಾಡುವ ಬ್ಯಾರಿಗೆ ಹತ್ತಿರದ್ದು, ಅರ್ಥವಾಗುತ್ತಿದ್ದದ್ದು. ಜನಗಣತಿಯ ನಿಯಮದಂತೆ ಯಾವುದೇ ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲು ಮತ್ತು ಬರೆಯಲು ಬಂದರೆ ಸಾಕ್ಷರ. ಓದಲು ಮಾತ್ರ ಬಂದರೆ ಅಲ್ಲ. ಇವರು ಓದುತ್ತಿದ್ದರು, ಬರೆಯುತ್ತಿರಲಿಲ್ಲ. ಹೀಗೆ ಅರ್ಧ ತುಂಬಿದ ಕೊಡವನ್ನು ಖಾಲಿಯೆಂದು ಬರೆದುಕೊಂಡು ಬೇರೆ ನೀರು ಸುರಿಯಲಾಯಿತು. ಆ ಓದನ್ನೇ ಬರಹದತ್ತ ಬೆಳೆಸಬಹುದು, ಅದರ ಪಕ್ಕದಲ್ಲಿ ಕನ್ನಡವನ್ನು ಕೂರಿಸಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಇಂದು ಮಾಲೆಯ ಓದು ಮನೆಗಳಲ್ಲಿ ವಿರಳವಾಗಿದೆ. ಆ ಲಿಪಿಯೂ ಅಜ್ಜಿಯಂದಿರ ಕೈತಪ್ಪುತ್ತಿದೆ. ಒಂದೇ ಜನ್ಮದಲ್ಲಿ ಎರಡು ಲಿಪಿಗಳ ನಷ್ಟ.

ಮಲಪ್ಪುರಂನ ತಿರೂರಂಗಾಡಿ ಸಮೀಪದ ಕೆ.ವಿ. ರಾಬಿಯಾ ಈ ಸತ್ಯವನ್ನು ಬೇಗ ಅರಿತಿದ್ದರು. ಗಾಲಿಕುರ್ಚಿಯಲ್ಲಿದ್ದ ಅವರು 1990ರಲ್ಲಿ ಮನೆಯಲ್ಲೇ ಎಲ್ಲ ಪ್ರಾಯದವರಿಗೆ ಅಕ್ಷರ ಕಲಿಸತೊಡಗಿದರು. ಅಷ್ಟಕ್ಕೇ ನಿಲ್ಲದೆ ಮಹಿಳೆಯರಿಗೊಂದು ಗ್ರಂಥಾಲಯ ಕಟ್ಟಿದರು, ಕೈಕೆಲಸದ ಘಟಕ ತೆರೆದರು. ಅಕ್ಷರ ಕೊಟ್ಟವರೇ ಅದಕ್ಕೊಂದು ಮನೆಯನ್ನೂ ಕೊಟ್ಟರು. 2022ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ನಿಧನರಾದರು.

ಈಗ ಮತ್ತೊಮ್ಮೆ ಘೋಷಣೆಗಳ ಕಾಲ ಬಂದಿದೆ. 2022ರಿಂದ 2027ರ ಅವಧಿಯ 'ಉಲ್ಲಾಸ್' ಯೋಜನೆಯಲ್ಲಿ 15 ವರ್ಷ ಮೇಲ್ಪಟ್ಟವರಿಗೆಲ್ಲ ಅವಕಾಶವಿದೆ. ಮೂವತ್ತೈದರ ಗೆರೆ ಅಳಿಸಿದ್ದು ಸ್ವಾಗತಾರ್ಹ. ಆದರೆ ಇಲ್ಲಿಯೂ ಕೊನೆಗೆ ಉಳಿಯುವುದು 150 ಅಂಕಗಳ ಒಂದು ಪರೀಕ್ಷೆ, ಒಂದು ಪ್ರಮಾಣಪತ್ರ. ಶೇ. 95 ದಾಟಿದರೆ ಸಂಪೂರ್ಣ ಸಾಕ್ಷರ ರಾಜ್ಯ. 2025ರಲ್ಲಿ ಮಿಝೋರಾಂ, ಗೋವಾ, ತ್ರಿಪುರಾ, ಹಿಮಾಚಲ ಪ್ರದೇಶಗಳು ಹೀಗೆ ಘೋಷಿಸಿಕೊಂಡವು. ಅಭಿನಂದಿಸೋಣ. ಜೊತೆಗೆ ಕೇಳೋಣ: ಪರೀಕ್ಷೆ ಪಾಸಾದ ಅಜ್ಜಿಯ ಕೈಗೆ ಮರುದಿನ ಓದಲು ಏನು ಸಿಗುತ್ತದೆ? ಐದು ವರ್ಷದ ಬಳಿಕ ಆಕೆಯನ್ನು ಮತ್ತೊಮ್ಮೆ ಕೂರಿಸಿ ಓದಿಸಿ ನೋಡುವವರು ಯಾರು?

ಈ ಪ್ರಶ್ನೆ ಸರಕಾರಕ್ಕೆ ಮಾತ್ರವಲ್ಲ. ನಾವು ಬರೆಯುವ ಕನ್ನಡ, ನಾವು ಮುದ್ರಿಸುವ ಸಣ್ಣ ಅಕ್ಷರ ಯಾರಿಗಾಗಿ? ಉದ್ದುದ್ದ ವಾಕ್ಯಗಳಲ್ಲಿ ಸಮುದಾಯದ ಶಿಕ್ಷಣದ ಬಗ್ಗೆ ಬರೆಯುವ ನಾವು, ನಿಧಾನವಾಗಿ ಓದುವ ಒಬ್ಬ ಉಮ್ಮನಿಗಾಗಿ ದಪ್ಪ ಅಕ್ಷರದ ಒಂದು ಪುಟವನ್ನಾದರೂ ಮೀಸಲಿಟ್ಟಿದ್ದೇವೆಯೇ? ಬೆಳಗ್ಗಿನ ತರಗತಿ ಮುಗಿದ ಬಳಿಕ ಬಾಗಿಲು ಹಾಕುವ ಮದ್ರಸ ಕಟ್ಟಡಗಳು ನಮ್ಮ ಊರುಗಳಲ್ಲಿ ಎಷ್ಟಿವೆ? ಮಧ್ಯಾಹ್ನ ಒಂದು ಗಂಟೆ ಅವು ಅಜ್ಜಿಯಂದಿರಿಗೆ ಯಾಕೆ ತೆರೆಯಬಾರದು? 'ಈ ಪ್ರಾಯದಲ್ಲಿ ಇನ್ನೇನು ಕಲಿಯುವುದು' ಎಂಬ ಮನೆಯವರ ನಗುವಿನಷ್ಟು ಅಕ್ಷರವನ್ನು ಕೊಂದದ್ದು ಬೇರೊಂದಿಲ್ಲ. ಒಮ್ಮೆ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಸಮಯ ಬೇಡ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ದಾರೆ.

ಬ್ಯಾಂಕಿನ ಆ ಸಾಲಿನಲ್ಲಿ ನಾವೂ ಇದ್ದೆವು. ಅಜ್ಜಿಯ ಕೈ ನಿಂತಾಗ ನಾವೂ ಗಡಿಯಾರ ನೋಡಿದ್ದೆವು. ಒಂದಕ್ಷರ ಬರೆದಿದ್ದ ಆ ಕೈಗೆ ಇನ್ನೆರಡು ನಿಮಿಷ ಸಿಕ್ಕಿದ್ದರೆ ಉಳಿದ ಅಕ್ಷರಗಳೂ ಬರುತ್ತಿದ್ದವೋ ಏನೋ. ಮುಂದಿನ ಸಲ ಶಾಯಿ ಡಬ್ಬಿಯನ್ನು ಮುಂದಕ್ಕೆ ತಳ್ಳುವ ಮೊದಲು ಆ ಎರಡು ನಿಮಿಷ ಕಾಯುವುದನ್ನು ನಾವು ಕಲಿಯಬೇಕಾಗಿದೆ.