ಅರಮನೆಯ ಪಿತೂರಿ ಮತ್ತು ನಿಷಿದ್ಧ ಸಂಬಂಧ: ‘ಸಂಕ್ರಾಂತಿ’ ಹಾಗೂ ‘ತಲೆದಂಡ’

ರಾಜಕೀಯ ಒಳಸಂಚನ್ನು ವಸ್ತುವಾಗಿ ಉಳ್ಳ ಕೃತಿಗಳಲ್ಲಿ ಪ್ರೇಮಪ್ರಸಂಗವು ಸಾಮಾನ್ಯವಾಗಿ ಉಪಕಥೆಯ ಸ್ಥಾನದಲ್ಲಿರುತ್ತದೆ. ವಿಶಾಖದತ್ತನ ‘ಮುದ್ರಾರಾಕ್ಷಸ’ವಂತೂ ಶೃಂಗಾರವನ್ನು ಹೊರಗಿಟ್ಟೇ ಚಾಣಕ್ಯತಂತ್ರವನ್ನು ನಿರೂಪಿಸಿತು. ಆ ವಸ್ತುವನ್ನು ಕೆಂಪುನಾರಾಯಣನು ‘ಮುದ್ರಾಮಂಜೂಷ’ದ (1823) ಮೂಲಕ ಕನ್ನಡ ಗದ್ಯಕ್ಕೆ ತಂದನು. 12ನೆಯ ಶತಮಾನದ ಕಲ್ಯಾಣವನ್ನು ಕುರಿತ ಆಧುನಿಕ ಕನ್ನಡ ನಾಟಕಗಳು ಈ ಮಾದರಿಯಿಂದ ದೂರ ಸರಿಯುತ್ತವೆ. ಅವುಗಳಲ್ಲಿ ಜಾತಿಯ ಗಡಿ ಮೀರಿದ ಸಂಬಂಧವು ಸಂಚಿಗೆ ಅಲಂಕಾರವಾಗಿ ಬರುವುದಿಲ್ಲ. ಪ್ರಭುತ್ವದ ನಿಜಸ್ವರೂಪವನ್ನು ಬಯಲಿಗೆಳೆಯುವ ಕೇಂದ್ರಘಟನೆಯಾಗಿ ಬರುತ್ತದೆ.

ಈ ವಸ್ತುವಿಗೆ ದೀರ್ಘ ಪರಂಪರೆಯಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೇ ಬಿಜ್ಜಳನು ಶರಣರ ಕಣ್ಣು ಕೀಳಿಸಿದ ಹಾಗೂ ಜಗದೇವನು ಅದಕ್ಕೆ ಸೇಡು ತೀರಿಸಿಕೊಂಡ ಕಥೆ ಬರುತ್ತದೆ. ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ನಡೆದ ವಿವಾಹವೇ ಆ ಶಿಕ್ಷೆಗೆ ಕಾರಣವೆಂಬ ನಿರೂಪಣೆಯು ನಂತರದ ಪರಂಪರೆಯಲ್ಲಿ ಬಲಗೊಂಡಿತು. ಆಧುನಿಕ ನಾಟಕಕಾರರು ಈ ಕಾರಣವನ್ನೇ ಪ್ರಶ್ನೆಯಾಗಿ ಎತ್ತಿಕೊಂಡರು.

ಪಿ. ಲಂಕೇಶರ ‘ಸಂಕ್ರಾಂತಿ’ಯಲ್ಲಿ (1971) ಇರುವುದು ವಿವಾಹವಲ್ಲ, ಪ್ರೇಮ. ಅಸ್ಪೃಶ್ಯ ಯುವಕ ರುದ್ರ ಹಾಗೂ ಬ್ರಾಹ್ಮಣ ಕನ್ಯೆ ಉಷಾ ಇವರ ಸಂಬಂಧದಲ್ಲಿ ಒಂದು ವಿಪರ್ಯಾಸವಿದೆ. ಶರಣನಾಗಿ ಸಂಸ್ಕಾರಗೊಂಡ ರುದ್ರನಲ್ಲಿ ಉಷೆಯು ತಾನು ಮೆಚ್ಚಿದ ಸಹಜ ಚೈತನ್ಯವನ್ನು ಕಾಣಲಾರಳು. ಹೀಗೆ ಲಂಕೇಶರು ಅರಮನೆಯನ್ನಷ್ಟೇ ಅಲ್ಲ, ಸುಧಾರಣೆಯನ್ನೂ ಅನುಮಾನದಿಂದ ನೋಡುತ್ತಾರೆ.

ಗಿರೀಶ ಕಾರ್ನಾಡರ ‘ತಲೆದಂಡ’ (1990) ಸಂಚಿನ ವಿನ್ಯಾಸದಲ್ಲಿ ಹೆಚ್ಚು ಸಂಕೀರ್ಣವಾದುದು. ಮಂಡಲ ವರದಿಯ ಅನುಷ್ಠಾನದ ಘೋಷಣೆ ಹಾಗೂ ಅಯೋಧ್ಯೆಯ ರಥಯಾತ್ರೆಗಳು ದೇಶವನ್ನು ಕಲಕಿದ ವರ್ಷದಲ್ಲಿ ಪ್ರಕಟವಾದ ಈ ಕೃತಿಗೆ 1994ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕಾರ್ನಾಡರ ಬಿಜ್ಜಳನು ಕ್ಷೌರಿಕ ಮೂಲದವನು. ಸಿಂಹಾಸನವೇರಿದರೂ ಜಾತಿಯ ಗುರುತು ಅಳಿಯದೆಂಬುದನ್ನು ಬಲ್ಲವನು. ಆದುದರಿಂದಲೇ ವಿವಾಹದ ಪ್ರಶ್ನೆ ಅವನಿಗೆ ಆಡಳಿತದ ಸಮಸ್ಯೆಯೂ ಹೌದು, ಸ್ವಂತದ ಗಾಯವೂ ಹೌದು. ಇನ್ನೊಂದೆಡೆ ಮಗ ಸೋವಿದೇವನ ಅಸಹನೆಯನ್ನು ದಾಮೋದರ ಭಟ್ಟ, ಮಂಚಣ್ಣ ಕ್ರಮಿತರು ಅಸ್ತ್ರವಾಗಿಸಿಕೊಳ್ಳುತ್ತಾರೆ. ಅರಸನು ತನ್ನ ಅರಮನೆಯಲ್ಲಿಯೇ ಬಂದಿಯಾಗುತ್ತಾನೆ.

ಕಥೆಯ ಅಂತ್ಯ ಕನ್ನಡ ಪ್ರೇಕ್ಷಕನಿಗೆ ಮೊದಲೇ ತಿಳಿದಿದೆ. ಆದುದರಿಂದ ‘ಮುಂದೇನು’ ಎಂಬ ಕುತೂಹಲಕ್ಕಿಂತ ‘ಯಾರು, ಯಾವ ಗಳಿಗೆಯಲ್ಲಿ, ಏತಕ್ಕಾಗಿ ಒಪ್ಪುತ್ತಾರೆ’ ಎಂಬ ಪ್ರಶ್ನೆಯೇ ನಾಟಕದ ಬಿಗಿಯನ್ನು ಕಾಯುತ್ತದೆ. ಸ್ವತಃ ಬಸವಣ್ಣನೂ ಈ ವಿವಾಹದ ಪರಿಣಾಮವನ್ನು ನೆನೆದು ಅಳುಕುತ್ತಾನೆ. ವಧುವಿನ ತಾಯಿ ಲಲಿತಾಂಬೆಯ ಆತಂಕವು ಧರ್ಮಶಾಸ್ತ್ರದ್ದಲ್ಲ. ಚರ್ಮದ ಕಸುಬಿನ ಮನೆಯಲ್ಲಿ ಮಗಳು ಹೇಗೆ ಬಾಳುವಳೆಂಬುದು. ತತ್ತ್ವವನ್ನು ಒಪ್ಪಿದ ಮನಸ್ಸು ಕೂಡ ದಿನನಿತ್ಯದ ಬದುಕಿನ ಮುಂದೆ ತಡವರಿಸುವುದನ್ನು ಈ ಪ್ರಸಂಗ ಸೂಕ್ಷ್ಮವಾಗಿ ಹಿಡಿದಿದೆ.

ಆದರೆ ಇಲ್ಲಿಯೇ ಕೃತಿಯ ಮಿತಿಯೂ ಇದೆ. ತಂದೆತಾಯಿಯರು, ಶರಣರು, ಅರಸ ಎಲ್ಲರೂ ವಿವಾಹವನ್ನು ಚರ್ಚಿಸುತ್ತಾರೆ. ಶೀಲವಂತ, ಕಲಾವತಿಯರ ಅಂತರಂಗ ಮಾತ್ರ ಮಬ್ಬಾಗಿಯೇ ಉಳಿಯುತ್ತದೆ. ಪ್ರಭುತ್ವವು ಅವರನ್ನು ಅಪರಾಧದ ಸಾಕ್ಷ್ಯವಾಗಿ ಕಂಡರೆ, ಚಳವಳಿ ಆದರ್ಶದ ಸಾಕ್ಷ್ಯವಾಗಿ ಕಾಣುತ್ತದೆ. ಈ ಮೌನವನ್ನು ನಾಟಕಕಾರನ ಉದ್ದೇಶಪೂರ್ವಕ ಟೀಕೆಯೆಂದು ಸಮರ್ಥಿಸಲು ಸಾಧ್ಯ. ಆದರೂ ಆ ಟೀಕೆ ಫಲಿಸಬೇಕಾದರೆ ಮೌನಕ್ಕೆ ಮೊದಲು ಅವರ ದನಿ ಒಮ್ಮೆಯಾದರೂ ಸ್ಪಷ್ಟವಾಗಿ ಕೇಳಬೇಕಿತ್ತು. ಉಷೆಯ ಅತೃಪ್ತಿಗೆ ಮಾತು ಕೊಟ್ಟ ‘ಸಂಕ್ರಾಂತಿ’ ಈ ಒಂದು ವಿಷಯದಲ್ಲಿ ‘ತಲೆದಂಡ’ಕ್ಕಿಂತ ಮುಂದಿದೆ.

ಒಟ್ಟಿನಲ್ಲಿ, ಅಧಿಕಾರದ ಒಳಸುಳಿಗಳನ್ನು ತೋರುವಲ್ಲಿ ಕಾರ್ನಾಡರು, ನಿಷಿದ್ಧ ಪ್ರೇಮದ ಒಳತೋಟಿಯನ್ನು ಗ್ರಹಿಸುವಲ್ಲಿ ಲಂಕೇಶರು ಯಶಸ್ವಿಯಾಗಿದ್ದಾರೆ. ಮರ್ಯಾದೆಯ ಹೆಸರಿನ ಹತ್ಯೆಗಳು ಇಂದಿಗೂ ನಿಲ್ಲದಿರುವಾಗ, ಈ ಎರಡೂ ನೋಟಗಳನ್ನು ಒಂದೇ ಕೃತಿಯಲ್ಲಿ ಬೆಸೆಯುವ ಹೊಣೆ ಕನ್ನಡ ರಂಗಸಾಹಿತ್ಯದ ಮುಂದಿದೆ.