ವಿವಿಯನ್ ಮೇಯರ್: ಆರಿಸಿದ ಕೈ ಯಾರದು?

‘ಫೈಂಡಿಂಗ್ ವಿವಿಯನ್ ಮೇಯರ್’ (2013) ಸಾಕ್ಷ್ಯಚಿತ್ರ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ. ಶಿಕಾಗೋದ ಸ್ಥಿತಿವಂತರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡು ಬದುಕಿದ ಹೆಂಗಸೊಬ್ಬರು ಲಕ್ಷಕ್ಕೂ ಮೀರಿ ಫೋಟೋ ತೆಗೆದು, ಯಾರಿಗೂ ತೋರಿಸದೆ ಪೆಟ್ಟಿಗೆಗಳಲ್ಲಿ ತುಂಬಿಟ್ಟದ್ದೇಕೆ? ಅವರು ನಿಜಕ್ಕೂ ಯಾರು? ಆಸ್ಕರ್ ನಾಮನಿರ್ದೇಶನದವರೆಗೂ ಹೋದ ಈ ಚಿತ್ರ ಚೆನ್ನಾಗಿ ನೋಡಿಸಿಕೊಳ್ಳುತ್ತದೆ. ಆದರೆ ಫೋಟೋಗಳನ್ನೆಲ್ಲ ಒಟ್ಟುಗೂಡಿಸಿದರೆ ತೆಗೆದವರ ಮುಖ ಮೂಡಿಬರುತ್ತದೆ ಎಂಬ ಅದರ ನಂಬಿಕೆಯನ್ನು ನಾನು ಒಪ್ಪಲಾರೆ. ಮೇಯರ್ ವಿಷಯದಲ್ಲಂತೂ ಆ ನಂಬಿಕೆ ಅವರಿಗೆ ಅನ್ಯಾಯವನ್ನೇ ಮಾಡಿದೆ.

ಕಥೆ ಹಲವರಿಗೆ ಗೊತ್ತಿರುವುದೇ. 2007ರಲ್ಲಿ ಶಿಕಾಗೋದಲ್ಲಿ ಬಾಡಿಗೆ ಕಟ್ಟದೆ ಬಿಟ್ಟ ಗೋದಾಮಿನ ಸಾಮಾನುಗಳು ಹರಾಜಿಗೆ ಬಂದವು. ನಗರದ ಒಂದು ಬಡಾವಣೆಯ ಚರಿತ್ರೆಯ ಪುಸ್ತಕಕ್ಕೆ ಹಳೆಯ ಚಿತ್ರಗಳನ್ನು ಹುಡುಕುತ್ತಿದ್ದ ಜಾನ್ ಮಲೂಫ್ ಸುಮಾರು 400 ಡಾಲರ್ ಕೊಟ್ಟು ಒಂದು ಪೆಟ್ಟಿಗೆ ನೆಗೆಟಿವ್ ಕೊಂಡರು. ಉಳಿದ ಪೆಟ್ಟಿಗೆಗಳು ಬೇರೆಯವರ ಪಾಲಾದವು. ಅವುಗಳಲ್ಲಿ ಹೆಚ್ಚಿನವನ್ನೂ ಮಲೂಫ್ ಮುಂದೆ ಕೊಂಡುಕೊಂಡರು. 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮೇಯರ್ 2009ರ ಏಪ್ರಿಲ್‌ನಲ್ಲಿ ತೀರಿಕೊಂಡರು. ತಮ್ಮ ಚಿತ್ರಗಳು ಅಂತರ್ಜಾಲದಲ್ಲಿ ಜಗತ್ತನ್ನೇ ಸುತ್ತಿದ್ದು, ಗ್ಯಾಲರಿಗಳಲ್ಲಿ ಮಾರಾಟವಾದದ್ದು ಯಾವುದೂ ಅವರಿಗೆ ತಿಳಿಯಲಿಲ್ಲ. ‘ಆಗಲಿ’ ಎನ್ನಲೂ ‘ಬೇಡ’ ಎನ್ನಲೂ ಅವರಿರಲಿಲ್ಲ.

ನಾವು ಇಂದು ‘ಮೇಯರ್ ಕೃತಿ’ ಎಂದು ನೋಡುತ್ತಿರುವುದು ಆ ರಾಶಿಯ ಒಂದು ಸಣ್ಣ ಪಾಲು. ಸುಮಾರು 2,000 ಕಪ್ಪು-ಬಿಳುಪು ರೋಲುಗಳನ್ನು ಅವರು ತೊಳೆಸಿಯೇ ಇರಲಿಲ್ಲ. ಬಣ್ಣದ ರೋಲು ಇನ್ನೂ 700ರಷ್ಟಿದ್ದವು. ಅಂದರೆ ಅಲ್ಲಿ ಏನು ಮೂಡಿದೆ ಎಂಬುದನ್ನು ತೆಗೆದವರೇ ನೋಡಿರಲಿಲ್ಲ. ಸಾವಿನ ನಂತರ ಯಾರೋ ತೊಳೆದರು, ಸ್ಕ್ಯಾನ್ ಮಾಡಿದರು, ಲಕ್ಷದಲ್ಲಿ ಕೆಲವು ನೂರನ್ನು ಹೆಕ್ಕಿದರು, ಚೌಕಟ್ಟು ಹಾಕಿ ಗೋಡೆಗೆ ಏರಿಸಿದರು. ತೆಗೆದವರು ಒಬ್ಬರು, ಆರಿಸಿದವರು ಇನ್ನೊಬ್ಬರು. ಛಾಯಾಗ್ರಹಣದಲ್ಲಿ ಆಯ್ಕೆ ಎಂಬುದು ಕೊನೆಗೆ ಮಾಡುವ ಗುಮಾಸ್ತಿಕೆಯಲ್ಲ, ಅರ್ಧ ಕಲೆ ಅದರಲ್ಲೇ ಇದೆ. ಒಂದೇ ರೋಲಿನಿಂದ ದಯಾಳುವನ್ನೂ ಸೃಷ್ಟಿಸಬಹುದು, ಕಟುಕನನ್ನೂ ಸೃಷ್ಟಿಸಬಹುದು. ಅಮೆರಿಕದ ಇನ್ನೊಬ್ಬ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲುಗಳನ್ನು ತೊಳೆಸದೆ ಬಿಟ್ಟುಹೋಗಿದ್ದರು. ಆದರೆ ಅಷ್ಟರಲ್ಲಿ ಅವರು ಪುಸ್ತಕಗಳನ್ನು ಹೊರತಂದಿದ್ದರು, ಪ್ರದರ್ಶನಗಳನ್ನು ಮಾಡಿದ್ದರು. ಅವರಿಗೆ ಏನು ಬೇಕಿತ್ತು ಎಂದು ಹೋಲಿಸಿ ನೋಡಲು ಒಂದು ಅಳತೆಗೋಲಿತ್ತು. ಮೇಯರ್ ಅಂಥ ಅಳತೆಗೋಲನ್ನು ಹೊರಗಿನವರ ಕೈಗೆ ಕೊಟ್ಟಿರಲಿಲ್ಲ.

ಹಾಗೆಂದು ಅವರ ಅಭಿರುಚಿಯ ಸುಳಿವೇ ಇಲ್ಲವೆಂದಲ್ಲ. ಕೆಲಸ ಮಾಡುತ್ತಿದ್ದ ಒಂದು ಮನೆಯ ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದ ಅವರು ತಾವೇ ಪ್ರಿಂಟು ಹಾಕಿದ್ದರು, ಅಂಗಡಿಗಳಲ್ಲೂ ಹಾಕಿಸಿದ್ದರು. ಆ ಪ್ರಿಂಟುಗಳು ಬಹುಪಾಲು ಚಿಕ್ಕವು. ಹಲವನ್ನು ಅವರು ಅಂಚು ಕತ್ತರಿಸಿ ಬಿಗಿ ಮಾಡಿದ್ದಾರೆ; ಚೌಕ ನೆಗೆಟಿವ್‌ನೊಳಗಿಂದ ಉದ್ದನೆಯದೋ ಅಡ್ಡಲಾದದ್ದೋ ಒಂದು ಚಿತ್ರ ತೆಗೆದಿದ್ದಾರೆ. ಗ್ಯಾಲರಿಗಳಲ್ಲಿ ತೂಗುವುದಾದರೋ ಇಡೀ ಚೌಕದ, ದೊಡ್ಡ, ನುಣುಪಾದ ಹೊಸ ಪ್ರಿಂಟುಗಳು. ಎರಡೂ ಒಂದೇ ನೆಗೆಟಿವ್‌ನಿಂದ ಬಂದಿರಬಹುದು, ಒಂದೇ ಚಿತ್ರವಲ್ಲ. ಪಮೇಲಾ ಬ್ಯಾನೋಸ್ 2017ರ ತಮ್ಮ ಪುಸ್ತಕದಲ್ಲಿ ಈ ಮರಣೋತ್ತರ ಮೇಯರ್‌ರನ್ನು ಕಟ್ಟಿದ್ದು ಹೇಗೆ, ಯಾರು ಎಂದು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ. ಸಾಕ್ಷ್ಯಚಿತ್ರ ನೋಡಿದವರು ಆ ಪುಸ್ತಕವನ್ನೂ ಓದಬೇಕು.

ಚಿತ್ರಗಳಿಂದ ಏನೂ ತಿಳಿಯುವುದಿಲ್ಲವೇ ಹಾಗಾದರೆ? ತಿಳಿಯುತ್ತದೆ. ಅದಕ್ಕೆ ಅವರ ಜೀವನಚರಿತ್ರೆಗಿಂತ ಮೊದಲು ಅವರ ಕ್ಯಾಮೆರಾವನ್ನು ನೋಡಬೇಕು. 1950 ಮತ್ತು 60ರ ದಶಕಗಳಲ್ಲಿ ಅವರು ಬಳಸಿದ್ದು ರೋಲಿಫ್ಲೆಕ್ಸ್. ಒಂದು ರೋಲಿಗೆ 12 ಚೌಕಗಳು, ಅಷ್ಟೇ. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಕೊರಳಿಗೆ ತೂಗಹಾಕಿ ಎದೆಯ ಕೆಳಗೆ ಇಟ್ಟುಕೊಂಡು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ನಡೆಯುತ್ತಿರುವವರನ್ನು ಚೌಕಟ್ಟಿಗೆ ತರಲು ಕೈ ಉಲ್ಟಾ ಓಡಬೇಕು. ಈ ಅಭ್ಯಾಸ ಮೈಗೂಡಲು ವರ್ಷಗಳೇ ಬೇಕು. ಇದರಿಂದ ಇನ್ನೂ ಎರಡು ಸಂಗತಿ ಆಗುತ್ತವೆ. ತಲೆ ತಗ್ಗಿಸಿ ನಿಂತವರನ್ನು ಕಂಡು ಎದುರಿನವರು ಬೆದರುವುದಿಲ್ಲ. ಕ್ಯಾಮೆರಾ ಹೊಟ್ಟೆಯ ಮಟ್ಟದಲ್ಲಿರುವುದರಿಂದ ಎದುರಿಗಿರುವವರು ಎತ್ತರವಾಗಿ ಕಾಣುತ್ತಾರೆ. ಕುಡಿದು ಬಿದ್ದವರು, ಬೀದಿಯ ಮುದುಕರು, ತುಪ್ಪಳದ ಕೋಟಿನ ಶ್ರೀಮಂತ ಹೆಂಗಸರು, ಎಲ್ಲರನ್ನೂ ಮೇಯರ್ ಹಿಡಿದರು. ನಿಂತವರ ಚಿತ್ರಗಳಲ್ಲಿ ಬಡವರ ಮೈಕಟ್ಟಿಗೆ ಶ್ರೀಮಂತರಿಗಿರುವಷ್ಟೇ ಘನತೆ ಇದೆ. ಅದು ಉಪಕರಣದಿಂದ ಬಂತೋ ಮನಸ್ಸಿನಿಂದ ಬಂತೋ ಎಂದು ಬೇರ್ಪಡಿಸಿ ಹೇಳಲಾಗದು. ಆದರೆ ಅವರು ಎಷ್ಟು ಹತ್ತಿರ ನಿಂತರು ಎಂಬುದು ಮಾತ್ರ ಅವರದೇ ನಿರ್ಧಾರ, ಆ ನಿರ್ಧಾರ ನೆಗೆಟಿವ್‌ನಲ್ಲಿದೆ. ಅದನ್ನು ಯಾವ ಗ್ಯಾಲರಿಯವರೂ ಬದಲಿಸಲಾರರು.

ಪುಟ್ಟ ಹುಡುಗಿಯೊಬ್ಬಳ ಚಿತ್ರವನ್ನೇ ನೋಡಿ. ಅಂಗಡಿಯ ಗಾಜಿನ ಮುಂದೆ ಕೈಕಟ್ಟಿ ನಿಂತಿದ್ದಾಳೆ. ಕೊಳೆಯಾದ ಮುಖದ ಮೇಲೆ ಕಣ್ಣೀರಿಳಿದ ಗುರುತು, ಮಣಿಕಟ್ಟಿಗೆ ಮೀರಿದ ಕೈಗಡಿಯಾರ. ಅತ್ತು ಮುಗಿಸಿ, ಇನ್ನು ಯಾರಿಗೂ ಬಗ್ಗುವುದಿಲ್ಲ ಎಂದು ನಿಂತ ನಿಲುವು. ಮಕ್ಕಳ ಸಿಟ್ಟನ್ನು ಮುದ್ದು ಮಾಡಿ ಹಗುರಗೊಳಿಸದೆ ದೊಡ್ಡವರ ಸಿಟ್ಟಿನಷ್ಟೇ ಗಂಭೀರವಾಗಿ ನೋಡಿದ ಚಿತ್ರಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಇದು ಅವುಗಳಲ್ಲೊಂದು.

ಈ ಚಿತ್ರವನ್ನು ನೋಡಿ ‘ತೆಗೆದವರಿಗೆ ಮಕ್ಕಳ ಮೇಲೆ ಎಷ್ಟು ಅಕ್ಕರೆ’ ಎಂದುಕೊಳ್ಳುವುದು ಸಹಜ. ಸಾಕ್ಷ್ಯಚಿತ್ರ ಅಲ್ಲಿಗೇ ಬಿಡದೆ ಅವರ ಆರೈಕೆಯಲ್ಲಿ ಬೆಳೆದವರನ್ನು ಕೇಳುತ್ತದೆ. ಕೆಲವರು ಅವರನ್ನು ಪ್ರೀತಿಯಿಂದ ನೆನೆಯುತ್ತಾರೆ. ಒಂದು ಕುಟುಂಬದ ಮಕ್ಕಳಂತೂ ದೊಡ್ಡವರಾದ ಮೇಲೆ, ಅವರ ಮುಪ್ಪಿನಲ್ಲಿ, ಮನೆಯ ಬಾಡಿಗೆಯನ್ನೂ ಕಟ್ಟಿದರು. ಇನ್ನು ಕೆಲವರು ಹೊಡೆತವನ್ನು, ಬಲವಂತವಾಗಿ ಬಾಯಿಗೆ ಅನ್ನ ತುರುಕಿದ್ದನ್ನು ನೆನೆಯುತ್ತಾರೆ. ಹೆಸರು ಒಬ್ಬರಿಗೆ ಒಂದು ಹೇಳಿದ್ದರು, ಇನ್ನೊಬ್ಬರಿಗೆ ಇನ್ನೊಂದು. ಅವರ ಮಾತಿನ ಫ್ರೆಂಚ್ ಧಾಟಿ ನಿಜವೋ ನಟನೆಯೋ ಎಂಬ ಬಗ್ಗೆಯೂ ಒಮ್ಮತವಿಲ್ಲ. ಈ ವಿರೋಧಗಳನ್ನು ಮುಚ್ಚಿಡದೆ ಮುಂದಿಟ್ಟದ್ದು ಸಾಕ್ಷ್ಯಚಿತ್ರದ ದೊಡ್ಡ ಗುಣ. ಆದರೆ ಅದರಿಂದ ಹೊರಡುವ ತೀರ್ಮಾನಕ್ಕೆ ಅದು ಹಿಂಜರಿಯುತ್ತದೆ. ಆ ಹುಡುಗಿಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣೂ, ಆ ಇನ್ನೊಂದು ಮಗುವಿನ ಬಾಯಿಗೆ ತುತ್ತು ತುರುಕಿದ ಕೈಯೂ ಒಬ್ಬರದೇ ಆಗಿರಬಹುದು. ಚೆನ್ನಾಗಿ ನೋಡಬಲ್ಲವರೆಲ್ಲ ಚೆನ್ನಾಗಿ ನಡೆದುಕೊಳ್ಳುತ್ತಾರೆ ಎನ್ನಲು ಆಧಾರವಿಲ್ಲ. ಕಲೆಯಲ್ಲಿ ಕಂಡ ಕರುಣೆಯನ್ನು ನಡತೆಯ ಪ್ರಮಾಣಪತ್ರ ಮಾಡಿಕೊಡುವ ನಮ್ಮ ಚಾಳಿ ಬಿಡಬೇಕು. ನಡತೆಯ ದೋಷ ಕಂಡೊಡನೆ ಚಿತ್ರದಲ್ಲಿದ್ದ ಕರುಣೆಯೇ ಸುಳ್ಳೆಂದು ಸಾರುವ ಚಾಳಿಯನ್ನೂ.

ನನಗೆ ಹೆಚ್ಚು ನೋವು ಕೊಡುವುದು ಆ ಮೂಲಪ್ರಶ್ನೆಯೊಳಗಿನ ಇನ್ನೊಂದು ಎಳೆ. ಕೂಲಿಗೆ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಇಷ್ಟು ಫೋಟೋ ಏಕೆ ತೆಗೆಯಬೇಕಿತ್ತು ಎಂಬ ಬೆರಗು ಚಿತ್ರದುದ್ದಕ್ಕೂ ಕೇಳಿಸುತ್ತದೆ. ಬ್ಯಾಂಕಿನ ಗುಮಾಸ್ತ ಪದ್ಯ ಬರೆದರೆ ಯಾರೂ ಹೀಗೆ ಕೇಳುವುದಿಲ್ಲ. ಮನೆಗೆಲಸದವರಿಗೆ ಒಳಬದುಕು ಇರುವುದೇ ಒಗಟು ಎಂಬಂತೆ ನೋಡಿದರೆ ಒಗಟು ಇರುವುದು ನೋಡುವವರಲ್ಲಿ. ಮೇಯರ್ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು ಓದಿದವರು. ಫ್ರಾನ್ಸಿನಲ್ಲಿದ್ದ ಕುಟುಂಬದ ಜಮೀನು ಮಾರಿದ ಹಣವಿತ್ತೆನ್ನಲಾಗಿದೆ; 1959ರಲ್ಲಿ ಒಬ್ಬರೇ ಲೋಕಸಂಚಾರ ಹೊರಟರು. ಆ ದಾರಿಯಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಇಂಥವರು ತಮಗೆ ಬೇಕೆಂದೇ ಫೋಟೋ ತೆಗೆದರು ಎಂಬ ಉತ್ತರ ಏಕೆ ಸಾಲದು?

ಹೋಲಿಕೆಗೆ ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರನ್ನು ನೆನೆಯಬೇಕು. ಅವರು ತೀರಿಕೊಂಡದ್ದೂ 2009ರಲ್ಲೇ, ಡಿಸೆಂಬರಿನಲ್ಲಿ. 1977ರಲ್ಲಿ ಪದ್ಮಶ್ರೀ ಪಡೆದ ಸತ್ಯನ್ ಬದುಕಿಡೀ ತಮ್ಮ ಕೆಲಸವನ್ನು ಜನರ ಮುಂದಿಟ್ಟವರು. ಪತ್ರಿಕೆಗಳಿಗೆ ಕೊಟ್ಟರು, ಪುಸ್ತಕ ಮಾಡಿದರು, ಆತ್ಮಕಥೆಯನ್ನೂ ಬರೆದರು. 1979ರ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳು ಪ್ರದರ್ಶನಗೊಂಡವು. ಸಾಮಾನ್ಯರ ದಿನನಿತ್ಯದ ಸಂತೋಷ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ಮನಸ್ಸಿನಲ್ಲಿ ಕತ್ತಲೆ ಇರಲೇ ಇಲ್ಲವೆಂದು ಇದರಿಂದ ಹೇಳಲಾಗದು. ಜಗತ್ತಿಗೆ ಯಾವುದನ್ನು ಕೊಡಬೇಕು ಎಂದು ಅವರು ನಿಶ್ಚಯಿಸಿದ್ದರು ಎಂದಷ್ಟೇ ಹೇಳಬಹುದು. ಅದೇನೂ ಕಡಿಮೆಯಲ್ಲ. ಹಂಚಿಕೊಂಡ ಚಿತ್ರ ಕಲಾವಿದನ ಸಂಕಲ್ಪಕ್ಕೆ ಸಾಕ್ಷಿಯಾಗಬಲ್ಲದು. ಮೇಯರ್ ಹೆಸರಿನಲ್ಲಿ ನಾವು ನೋಡುತ್ತಿರುವ ಆಯ್ಕೆಗೆ ಆ ಸಾಕ್ಷ್ಯಬಲವಿಲ್ಲ. ಫ್ರಾನ್ಸಿನ ಫೋಟೋ ಅಂಗಡಿಯವರಿಗೆ ಪೋಸ್ಟ್‌ಕಾರ್ಡ್ ಮಾಡಿಸುವ ಬಗ್ಗೆ ಬರೆದ ಪತ್ರವೊಂದನ್ನು ತೋರಿಸಿ, ಅವರಿಗೂ ಹಂಚಿಕೊಳ್ಳುವ ಮನಸ್ಸಿತ್ತು ಎಂದು ಸಾಕ್ಷ್ಯಚಿತ್ರ ಸಮಾಧಾನ ಮಾಡಿಕೊಳ್ಳುತ್ತದೆ. ಕೆಲವು ಪೋಸ್ಟ್‌ಕಾರ್ಡುಗಳಿಗೆ ಒಪ್ಪಿದವರು ಇಡೀ ಪೆಟ್ಟಿಗೆಗೆ, ತಮ್ಮ ಖಾಸಗಿ ಬದುಕಿನ ಶೋಧಕ್ಕೆ ಒಪ್ಪಿದಂತಾಗುವುದಿಲ್ಲ.

ಚಿತ್ರಗಳನ್ನು ಬೆಳಕಿಗೆ ತಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹರಾಜಿನಲ್ಲಿ ಬೆಲೆ ತಿಳಿಯದವರ ಕೈ ಸೇರಿದ್ದರೆ ಎಲ್ಲವೂ ಕಸದ ಬುಟ್ಟಿಗೆ ಹೋಗುತ್ತಿತ್ತೇನೋ. ಕೆಲಸಗಾರನೊಬ್ಬ ಹೊತ್ತ ದೊಡ್ಡ ಕನ್ನಡಿಯಲ್ಲಿ ತಮ್ಮನ್ನೇ ಹಿಡಿದುಕೊಂಡ ಅವರ ಸ್ವಚಿತ್ರ ಇಪ್ಪತ್ತನೆಯ ಶತಮಾನದ ಉತ್ತಮ ಸ್ವಚಿತ್ರಗಳ ಸಾಲಿನಲ್ಲಿ ನಿಲ್ಲುತ್ತದೆ. ಅದು ಸಿಕ್ಕದೆ ಹೋಗಿದ್ದರೆ ನಷ್ಟ ನಮ್ಮದು. ನನ್ನ ಬೇಡಿಕೆ ಇಷ್ಟೇ: ಬಿಡಿ ಮುತ್ತುಗಳನ್ನು ಹೆಕ್ಕಿ ತೋರಿಸಿದ್ದು ಸಾಕು, ಇಡೀ ರೋಲುಗಳನ್ನು ಅಚ್ಚು ಹಾಕಲಿ. ಹನ್ನೆರಡು ಚೌಕಗಳೂ ಸಾಲಾಗಿ ಬರಲಿ, ಮಸುಕಾದವೂ ತಪ್ಪಿದವೂ ಸೇರಿ. ಒಬ್ಬರ ಎದುರು ಎಷ್ಟು ಸಲ ಕ್ಲಿಕ್ಕಿಸಿದರು, ಎಲ್ಲಿ ಒಂದೇ ಹೊಡೆತಕ್ಕೆ ತೃಪ್ತರಾಗಿ ಮುಂದೆ ನಡೆದರು ಎಂಬುದು ಆಗ ಕಾಣುತ್ತದೆ. ಪಕ್ಕದಲ್ಲಿ ಅವರೇ ಕತ್ತರಿಸಿಕೊಂಡ ಪ್ರಿಂಟು ಇರಲಿ. ಅಂಥ ಸುಮಾರು 500 ಹಳೆಯ ಪ್ರಿಂಟುಗಳು 2017ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿವೆ. ಮೇಯರ್ ಬಗ್ಗೆ ಬರೆಯುವವರು ಇನ್ನು ಮುಂದೆ ಅಲ್ಲಿಂದ ಆರಂಭಿಸಬೇಕು.