ಕಂಬಿಯಿಲ್ಲದ ಜೈಲು: ಕೌಬಾಯ್ ಕಾಮಿಡಿ ನೋಡುವ ಬಗೆ

ಕೌಬಾಯ್ ಕಾಮಿಡಿ ನೋಡಬೇಕೆನ್ನುವ ಹೊಸಬರಿಗೆ ನಾನು ಹೇಳುವುದಿಷ್ಟೆ: ಕಾಮಿಡಿಯಿಂದ ಶುರು ಮಾಡಬೇಡಿ. ಮೊದಲು ಎರಡು ಗಂಭೀರ ಚಿತ್ರ ನೋಡಿಬಿಡಿ. ಒಂದು, ಗ್ಯಾರಿ ಕೂಪರ್ ನಟಿಸಿದ ‘ಹೈ ನೂನ್’ (1952). ಪಾತಕಿಗಳು ಊರಿಗೆ ಬರುತ್ತಿದ್ದಾರೆಂದು ಗೊತ್ತಿದ್ದೂ ಜನ ತಮ್ಮ ಮಾರ್ಷಲ್‌ನ ಕೈಬಿಡುತ್ತಾರೆ. ಇನ್ನೊಂದು, ಹೊವರ್ಡ್ ಹಾಕ್ಸ್‌ ಅವರ ‘ರಿಯೊ ಬ್ರಾವೊ’ (1959). ಅಲ್ಲಿ ಜೋ ಎಂಬ ಕೊಲೆಗಾರ ಜೈಲಿನಲ್ಲಿದ್ದಾನೆ, ಅವನನ್ನು ಬಿಡಿಸಿಕೊಳ್ಳಲು ಸೋದರ ಬಾಡಿಗೆ ಬಂದೂಕುಗಳನ್ನು ಕಳಿಸುತ್ತಾನೆ. ಈ ಎರಡೂ ಕಥೆ ಮನಸ್ಸಿನಲ್ಲಿರಲಿ. ಆಮೇಲೆ ಬರ್ಟ್ ಕೆನಡಿ ನಿರ್ದೇಶಿಸಿದ, ವಿಲಿಯಂ ಬೋವರ್ಸ್ ಬರೆದ ‘ಸಪೋರ್ಟ್ ಯುವರ್ ಲೋಕಲ್ ಶೆರಿಫ್!’ (1969) ಹಾಕಿಕೊಳ್ಳಿ.

ಚಿತ್ರ ತೆರೆದುಕೊಳ್ಳುವುದು ಒಂದು ಶವಸಂಸ್ಕಾರದಲ್ಲಿ. ಗುಂಡಿಯೊಳಗೆ ಚಿನ್ನ ಹೊಳೆಯುತ್ತದೆ. ಸತ್ತವನನ್ನು ಮರೆತು ಎಲ್ಲರೂ ಗುಂಡಿಗೆ ಧುಮುಕುತ್ತಾರೆ. ಹಾಗೆ ಹುಟ್ಟಿಕೊಂಡ ಕ್ಯಾಲೆಂಡರ್ ಎಂಬ ಊರಿಂದ ಚಿನ್ನ ಹೊರಗೆ ಸಾಗಿಸಲು ಇರುವುದು ಒಂದೇ ದಾರಿ. ಆ ದಾರಿ ಡ್ಯಾನ್ಬಿ ಕುಟುಂಬದ ಹಿಡಿತದಲ್ಲಿದೆ, ಚಿನ್ನದಲ್ಲಿ ಶೇ. 20 ಅವರಿಗೆ ಸಲ್ಲಬೇಕು. ಶೆರಿಫ್ ಆಗಿ ಯಾರೂ ನಿಲ್ಲುವುದಿಲ್ಲ. ಅಂಥಲ್ಲಿಗೆ ಆಸ್ಟ್ರೇಲಿಯಾಕ್ಕೆ ಹೊರಟ ಜೇಸನ್ ಮೆಕಲಫ್ ಬಂದು ಶೆರಿಫ್ ಆಗುತ್ತಾನೆ. ಪಾತ್ರ ಜೇಮ್ಸ್ ಗಾರ್ನರ್‌ರದು.

ಗಾರ್ನರ್ ಮುಖವನ್ನೇ ಗಮನಿಸುತ್ತಾ ಹೋಗಿ. ಎರಡೇ ವರ್ಷದ ಹಿಂದೆ ‘ಅವರ್ ಆಫ್ ದಿ ಗನ್’ನಲ್ಲಿ ಅವರು ವ್ಯಾಟ್ ಅರ್ಪ್ ಆಗಿ ಬಿಗಿ ಮುಖದಿಂದ ನಟಿಸಿದ್ದರು. ಇಲ್ಲಿ ಎಲ್ಲೂ ನಗಿಸಲು ಹೆಣಗುವುದಿಲ್ಲ. ಸುತ್ತಲಿನವರೆಲ್ಲ ವೆಸ್ಟರ್ನ್ ಸಿನಿಮಾದ ಕಟ್ಟುಪಾಡಿನಂತೆ ನಡೆದುಕೊಳ್ಳುತ್ತಾರೆ. ಇವನೊಬ್ಬ ಮಾತ್ರ ಸಾಮಾನ್ಯ ಬುದ್ಧಿಯಿಂದ ನಡೆದುಕೊಳ್ಳುತ್ತಾನೆ. ಇಡೀ ಚಿತ್ರದ ನಗು ಹುಟ್ಟುವುದು ಅಲ್ಲಿ.

ಜೈಲಿನ ದೃಶ್ಯ ನೋಡಿ. ಕೊಲೆ ಮಾಡಿದ ಜೋ ಡ್ಯಾನ್ಬಿಯನ್ನು ಶೆರಿಫ್ ಹಿಡಿದು ತರುತ್ತಾನೆ. ಹೊಸ ಜೈಲು, ಕಂಬಿ ಇನ್ನೂ ಬಂದಿಲ್ಲ. ಶೆರಿಫ್ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾನೆ, ಅದರ ಹತ್ತಿರ ಕೆಂಪು ಬಣ್ಣ ಚಿಮುಕಿಸುತ್ತಾನೆ. ಬ್ರೂಸ್ ಡರ್ನ್ ನಟಿಸಿದ ಜೋ ಆ ಕಲೆ ನೋಡಿ ಲೆಕ್ಕ ಹಾಕುತ್ತಾನೆ: ಗೆರೆ ದಾಟಿದವನ ಗತಿ ಇದಿರಬೇಕು! ಅಲ್ಲಿಗೆ ಬಂದಿಯಾದ. ಗೋಡೆಯಿಲ್ಲ, ಬೀಗವಿಲ್ಲ, ಅವನನ್ನು ಹಿಡಿದಿಟ್ಟಿದ್ದು ಅವನು ನಂಬಿ ಬೆಳೆದ ಬಂದೂಕಿನ ಕಾನೂನೇ. ಡರ್ನ್‌ರ ಕಣ್ಣಲ್ಲಿ ಆ ನಂಬಿಕೆ ಕೆಲಸ ಮಾಡುವುದನ್ನು ನೋಡಲಿಕ್ಕಾಗಿಯೇ ನಾನು ಈ ಚಿತ್ರಕ್ಕೆ ಮತ್ತೆ ಮತ್ತೆ ಮರಳುತ್ತೇನೆ. ಅಮೆರಿಕದ ಹಾಸ್ಯಚಿತ್ರಗಳಲ್ಲಿ ಇಷ್ಟು ಕಡಿಮೆ ಸಾಮಾನಿನಿಂದ ಕಟ್ಟಿದ ದೃಶ್ಯ ಅಪರೂಪ.

ಮಗನನ್ನು ಬಿಡಿಸಲು ಬರುವ ಅಪ್ಪ ವಾಲ್ಟರ್ ಬ್ರೆನನ್. ಇವರೇ ಜಾನ್ ಫೋರ್ಡ್ ಅವರ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ನಲ್ಲಿ (1946) ಕ್ರೂರಿ ಕ್ಲ್ಯಾಂಟನ್ ಆಗಿದ್ದವರು, ಅಲ್ಲೂ ಗಂಡುಮಕ್ಕಳ ದಂಡು ಕಟ್ಟಿಕೊಂಡ ಅಪ್ಪನೇ. ಆ ಕ್ಲ್ಯಾಂಟನ್‌ನನ್ನು ಕಂಡಿದ್ದರೆ ಮುಂದಿನ ಗಳಿಗೆ ಇನ್ನೂ ರುಚಿಸುತ್ತದೆ. ಮುದುಕ ಪಿಸ್ತೂಲು ಗುರಿಯಿಡುತ್ತಾನೆ. ಶೆರಿಫ್ ಅದರ ನಳಿಗೆಗೆ ತನ್ನ ಬೆರಳು ತೂರಿಸುತ್ತಾನೆ. ಮುದುಕನಿಗೆ ಮುಂದೇನು ಮಾಡಬೇಕೆಂದೇ ತೋಚುವುದಿಲ್ಲ. ಜೀವಮಾನವಿಡೀ ಪಿಸ್ತೂಲು ಹಿಡಿದವನಿಗೆ ಇಂಥದ್ದಕ್ಕೆ ಯಾರೂ ಪಾಠ ಹೇಳಿಕೊಟ್ಟಿಲ್ಲ.

ಹಾಗೆಂದು ಶೆರಿಫ್‌ಗೆ ಗುರಿ ಬರುವುದಿಲ್ಲವೆಂದಲ್ಲ. ಕೆಲಸ ಕೇಳಲು ಬಂದಾಗ ವಾಷರ್ ಒಂದನ್ನು ಮೇಲಕ್ಕೆಸೆದು ಅದರ ತೂತಿನೊಳಗಿಂದ ಗುಂಡು ಹಾರಿಸಿದೆ ಎನ್ನುತ್ತಾನೆ. ಊರ ಹಿರಿಯರು ನಂಬದಿದ್ದಾಗ ತೂತಿಗೆ ಕಾಗದ ಹಚ್ಚಿ ಮತ್ತೆ ತೋರಿಸುತ್ತಾನೆ. ಇಷ್ಟು ಬಲ್ಲವನು ಬಾಡಿಗೆ ಬಂದೂಕುಗಾರನೊಬ್ಬನನ್ನು ಕಲ್ಲು ಬೀರಿ ಓಡಿಸುತ್ತಾನೆ ಎಂಬುದನ್ನು ನೆನಪಿಡಿ. ಬರುವ ವಿದ್ಯೆಯನ್ನು ಬಳಸದಿರುವುದರಲ್ಲಿ ಪಾತ್ರದ ತೂಕವಿದೆ.

‘ಹೈ ನೂನ್’ ನೋಡಿದ್ದಕ್ಕೆ ಫಲ ಸಿಗುವುದು ಕೊನೆಯ ಭಾಗದಲ್ಲಿ. ಡ್ಯಾನ್ಬಿಗಳ ದಂಡು ಬರುತ್ತಿದೆಯೆಂದಾಗ ಮೆಕಲಫ್ ಊರು ಬಿಡುವ ಯೋಚನೆ ಮಾಡುತ್ತಾನೆ. ಮೇಯರ್ ಮಗಳು ಪ್ರೂಡಿ ಅದನ್ನು ಮನಸಾರೆ ಮೆಚ್ಚುತ್ತಾಳೆ, ಎಷ್ಟು ವಿವೇಕದ ಮಾತು ಎನ್ನುತ್ತಾಳೆ. ಅಷ್ಟು ಸಾಕು, ಇದು ಹೇಡಿತನ ಎನಿಸಿ ಅವನು ಉಳಿದುಬಿಡುತ್ತಾನೆ. ಊರಿನವರೋ, ಸಹಾಯ ಮಾಡಬಾರದೆಂದು ಮತ ಹಾಕಿಯೇ ತೀರ್ಮಾನಿಸುತ್ತಾರೆ. ‘ಹೈ ನೂನ್’ ನಿರ್ದೇಶಕ ಝಿನ್ನೆಮನ್ ನೋವಾಗಿ ಕಂಡದ್ದನ್ನು ಬೋವರ್ಸ್ ಸಭೆಯ ನಡಾವಳಿಯಂತೆ ಬರೆದಿದ್ದಾರೆ. ಜೋನ್ ಹ್ಯಾಕೆಟ್ ಅಭಿನಯಿಸಿದ ಪ್ರೂಡಿಯ ಗಡಿಬಿಡಿಯೂ, ಡೆಪ್ಯುಟಿಯಾಗುವ ಜ್ಯಾಕ್ ಈಲಮ್‌ರ ಒಂದು ಪಕ್ಕಕ್ಕೆ ಸರಿದ ಕಣ್ಣೂ ಈ ಭಾಗವನ್ನು ಎತ್ತಿ ಹಿಡಿಯುತ್ತವೆ. ಈಲಮ್ ಅನೇಕ ವರ್ಷ ಖಳರಾಗಿ ಹೆದರಿಸಿದವರು. ಆ ಕಣ್ಣು ಇಲ್ಲಿ ಅಕ್ಕರೆ ತರಿಸುತ್ತದೆ.

ಇದಾದ ಮೇಲೆ ಮೆಲ್ ಬ್ರೂಕ್ಸ್‌ರ ‘ಬ್ಲೇಜಿಂಗ್ ಸ್ಯಾಡಲ್ಸ್’ (1974) ನೋಡಬಹುದು, ಅದರ ದಾರಿ ಬೇರೆ, ಗದ್ದಲ ಹೆಚ್ಚು. ಕೆನಡಿ, ಗಾರ್ನರ್, ಈಲಮ್ ಮತ್ತೆ ಸೇರಿ 1971ರಲ್ಲಿ ಮಾಡಿದ ‘ಸಪೋರ್ಟ್ ಯುವರ್ ಲೋಕಲ್ ಗನ್‌ಫೈಟರ್’ ಮುಂದಿನ ಭಾಗವಲ್ಲ, ಬೇರೆಯೇ ಕಥೆ. ನನ್ನ ಮಟ್ಟಿಗೆ ಅದು ಒಂದು ಕೈ ಕಡಿಮೆ. ಅದಕ್ಕೂ ಮೊದಲು ‘ರಿಯೊ ಬ್ರಾವೊ’ವನ್ನು ಇನ್ನೊಮ್ಮೆ ನೋಡಿ: ಅಲ್ಲಿ ಜೈಲು ಕಾಯುವ ಗೊಣಗುಟ್ಟುವ ಮುದುಕ ಸ್ಟಂಪಿಯೂ ವಾಲ್ಟರ್ ಬ್ರೆನನ್‌ರೇ.